ಕೊನೆಯ ಪಂಕ್ಚರ್ ಅಂಗಡಿ ದಾಟಿದ ಮೇಲೆ: ಟ್ಯೂಬ್‌ಲೆಸ್ ಕಿಟ್ಟು ಮತ್ತು 12 ವೋಲ್ಟಿನ ಪಂಪು

ಮಂಗಳೂರು–ಉಡುಪಿ ನಡುವೆ ಟಯರ್ ಪಂಕ್ಚರ್ ಆದರೆ ಅದೊಂದು ಸುದ್ದಿಯೇ ಅಲ್ಲ. ಸುರತ್ಕಲ್‌ನಲ್ಲಾಗಲಿ, ಪಡುಬಿದ್ರಿಯಲ್ಲಾಗಲಿ, ಸ್ವಲ್ಪ ಮುಂದೆ ಹೋದರೆ ಹಳೆ ಟಯರ್ ನೇತುಹಾಕಿದ ಒಂದು ಅಂಗಡಿ ಕಾಣುತ್ತದೆ. ಕರಾವಳಿಯ ಹೆದ್ದಾರಿಯಲ್ಲಷ್ಟೇ ಓಡಾಡುವವರು ಇಲ್ಲಿಗೇ ಓದು ನಿಲ್ಲಿಸಿ ದುಡ್ಡು ಉಳಿಸಿಕೊಳ್ಳಬಹುದು. ಇದು ಬಜಗೋಳಿ ದಾಟಿ ಮಾಳದ ಮೇಲೆ ಹತ್ತುವವರಿಗೆ, ಕೊಲ್ಲೂರಿನಿಂದ ನಾಗೋಡಿಗೆ ಏರುವವರಿಗೆ, ಹೊಸಂಗಡಿ ಬಿಟ್ಟು ಹುಲಿಕಲ್ ಘಾಟಿ ಹಿಡಿಯುವವರಿಗೆ, ಸುಬ್ರಹ್ಮಣ್ಯದಿಂದ ಬಿಸಿಲೆ ದಾರಿಯಲ್ಲಿ ಸಕಲೇಶಪುರಕ್ಕೆ ಹೊರಟವರಿಗೆ. ನೋಡಿದ್ದು ಎರಡು ಸಾಮಾನು: ಟ್ಯೂಬ್‌ಲೆಸ್ ಟಯರಿನ ಪಂಕ್ಚರ್ ಕಿಟ್ಟು, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಗಾಳಿ ಪಂಪು. ಬ್ರ್ಯಾಂಡಿನ ಹೆಸರು ಬೇಡ. ಬೇರೆ ಬೇರೆ ಹೆಸರಿನ ಡಬ್ಬಿಗಳೊಳಗೆ ಇರುವುದು ಬಹುಮಟ್ಟಿಗೆ ಒಂದೇ ಬಗೆಯ ಸಾಮಾನು. ವ್ಯತ್ಯಾಸ ಎಲ್ಲಿ ನೋಡಬೇಕು ಎಂಬುದನ್ನು ಮುಂದೆ ಹೇಳಿದೆ.

ಮೊದಲು ದಾರಿಯ ವಿಷಯ. ಶಿರಾಡಿ ಘಾಟಿಯನ್ನು ಯಾರೂ ಒಂಟಿ ದಾರಿ ಎನ್ನುವುದಿಲ್ಲ. ರಾತ್ರಿ 2 ಗಂಟೆಗೂ ಅಲ್ಲಿ ಲಾರಿಯ ಬಾಲಕ್ಕೆ ಲಾರಿ. ಅಲ್ಲಿ ಗಾಡಿ ನಿಂತರೆ ಹೆದರಿಕೆ ಹಿಂದಿನಿಂದ ಬರುವ ಗಾಡಿಯದ್ದು. ಮಾಳದಿಂದ ಮೇಲಿನ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಹೆದರಿಕೆಯೇ ಬೇರೆ: ಯಾರೂ ಬರುವುದಿಲ್ಲ. ಅದಕ್ಕೆ ಕಾರಣಗಳೂ ಇವೆ. 1987ರಲ್ಲಿ ಸುತ್ತಲಿನ ಕುದುರೆಮುಖದ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಂದಾಚೆ ರಸ್ತೆಬದಿ ಹೊಸ ಗೂಡಂಗಡಿ ಏಳುವ ಮಾತಿಲ್ಲ, ಬೇಕಾದಲ್ಲಿ ನಿಲ್ಲಿಸುವ ಹಾಗೂ ಇಲ್ಲ. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ಅದಿರು ಅದಾಗಲೇ ಕೊಳವೆಯಲ್ಲಿ ಪಣಂಬೂರಿಗೆ ಹರಿದು ಬರುತ್ತಿತ್ತು, ದಾರಿಯಲ್ಲಿ ಇದ್ದದ್ದು ಜನರ ಓಡಾಟ. ಗಣಿ ನಿಂತ ಮೇಲೆ ಟೌನ್‌ಶಿಪ್ ಖಾಲಿಯಾಯಿತು, ಓಡಾಟವೂ ಕರಗಿತು. ದಕ್ಷಿಣ ಕನ್ನಡ ಸೌತ್ ಕೆನರಾ ಆಗಿದ್ದ ಕಾಲದ ಹೆಸರನ್ನು ಇನ್ನೂ ಹೊತ್ತಿರುವ ಎಸ್.ಕೆ. ಬಾರ್ಡರ್‌ನಲ್ಲಿ ದಾರಿ ಕವಲೊಡೆಯುತ್ತದೆ, ಒಂದು ಕೆರೆಕಟ್ಟೆ–ಶೃಂಗೇರಿಗೆ, ಇನ್ನೊಂದು ಕುದುರೆಮುಖ–ಕಳಸಕ್ಕೆ. ಯಾವುದನ್ನು ಹಿಡಿದರೂ ಬಹು ದೂರ ಕಾಡೇ. ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ, ಮಂಜು ಇಳಿದರೆ ಎದುರಿನ ಬಿಳಿ ಗೆರೆಯೂ ಕಾಣುವುದಿಲ್ಲ. ತುರ್ತು ಸಂಖ್ಯೆ 112 ಯಾವ ಕಂಪನಿಯ ಟವರ್ ಸಿಕ್ಕರೂ ಹೋಗುತ್ತದೆ, ನಿಜ. ಯಾವ ಟವರೂ ಇಲ್ಲದ ತಿರುವಿನಲ್ಲಿ ಅದೂ ಇಲ್ಲ.

ಇಂಥ ದಾರಿ ಎಷ್ಟು ಒಂಟಿ ಎಂದು ನೋಡಲು ಕಿಲೋಮೀಟರು ಸಾಲದು. ಕೊನೆಯ ಪಂಕ್ಚರ್ ಅಂಗಡಿಗೂ ಮುಂದಿನದಕ್ಕೂ ನಡುವಿನ ಅಂತರ ಎಷ್ಟು, ಆ ಅಂಗಡಿಗಳು ಎಷ್ಟು ಗಂಟೆಗೆ ಬಾಗಿಲು ಹಾಕುತ್ತವೆ ಎಂಬುದೇ ಅಳತೆ. ಹೆಬ್ರಿಯಲ್ಲಿ ಸಂಜೆ 5 ಗಂಟೆಗೆ ಸಲೀಸಾಗಿ ಕಾಣುವ ಆಗುಂಬೆ ದಾರಿ ರಾತ್ರಿ 9ಕ್ಕೆ ಬೇರೆಯದೇ ದಾರಿ. ಕಿಟ್ಟಿನ ಕೆಲಸ ಈ ಅಂತರವನ್ನು ಕಡಿಮೆ ಮಾಡುವುದು. ಎಷ್ಟರಮಟ್ಟಿಗೆ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಕಿಟ್ಟಿನಲ್ಲಿ ಮುಖ್ಯವಾಗಿ ನಾಲ್ಕು ವಸ್ತು. ತೂತನ್ನು ಉಜ್ಜಿ ಸರಿಮಾಡುವ ಒರಟು ಅರ, ಸ್ಟ್ರಿಪ್ ತೂರಿಸುವ ಸೂಜಿ, ಅಂಟು ಬಳಿದ ಕಂದು ಅಥವಾ ಕಪ್ಪು ಸ್ಟ್ರಿಪ್‌ಗಳು, ಸೊಲ್ಯೂಷನ್ ಎನ್ನುವ ರಬ್ಬರ್ ಅಂಟಿನ ಒಂದು ಪುಟ್ಟ ಟ್ಯೂಬು. ಬೆಲೆ ಸುಮಾರು 250ರಿಂದ 500 ರೂಪಾಯಿ. ಈ ವ್ಯತ್ಯಾಸ ಹೆಚ್ಚಾಗಿ ಹಿಡಿಕೆಯಲ್ಲಿದೆ. ಅಗ್ಗದ ಕಿಟ್ಟಿನಲ್ಲಿ ಅರಕ್ಕೂ ಸೂಜಿಗೂ ಪ್ಲಾಸ್ಟಿಕ್ ಹಿಡಿ. ಸ್ಟೀಲ್ ಬೆಲ್ಟ್ ಇರುವ ರೇಡಿಯಲ್ ಟಯರಿಗೆ ಅರ ನುಗ್ಗಿಸಲು ಎರಡೂ ಕೈಯ ಬಲ, ಮೇಲೆ ಮೈಯ ಭಾರವೂ ಬೇಕು. ಆ ಒತ್ತಿಗೆ ಪ್ಲಾಸ್ಟಿಕ್ ಹಿಡಿ ಸೂಜಿಯ ಬುಡದಲ್ಲೇ ಲಟಕ್ಕೆಂದರೆ ಕಿಟ್ಟಿನ ಕತೆ ಮುಗಿಯಿತು, ಅಂಗೈಗೂ ಗಾಯ. 'ಟಿ' ಆಕಾರದ ಲೋಹದ ಹಿಡಿ ಇರುವುದನ್ನೇ ತೆಗೆದುಕೊಳ್ಳಿ, ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಕಿಟ್ಟಿನಲ್ಲಿ ಸಾಮಾನ್ಯವಾಗಿ ಇರದ, ಆದರೆ ಇಲ್ಲದಿದ್ದರೆ ಕೆಲಸವೇ ಶುರುವಾಗದ ವಸ್ತು ಕಟಿಂಗ್ ಪ್ಲೇಯರ್. ಮೊಳೆ ತೆಗೆಯಲು ಬೆರಳು ಸಾಲುವುದಿಲ್ಲ, ಮಾರಾಯ್ರೆ.

ಕೆಲಸದ ಕ್ರಮ ಹೀಗೆ. ಗಾಳಿ ಇಳಿಯುತ್ತಿದೆ ಅನ್ನಿಸಿದೊಡನೆ ನಿಲ್ಲಿಸಬೇಡಿ. ಇಳಿಜಾರಿನಲ್ಲಿ, ತಿರುವಿನ ಮೊಣಕೈಯಲ್ಲಿ ನಿಲ್ಲಿಸುವುದಕ್ಕಿಂತ ನಡೆಯುವ ವೇಗದಲ್ಲಿ ಸಮತಟ್ಟು ಜಾಗದವರೆಗೆ ಹೋಗುವುದೇ ಮೇಲು. ಪೂರ್ತಿ ಚಪ್ಪಟೆಯಾದ ಟಯರಿನಲ್ಲಿ ಮಾತ್ರ ಓಡಿಸಬೇಡಿ, ರಿಮ್ಮಿನ ಅಂಚು ಟಯರಿನ ಪಕ್ಕವನ್ನು ಒಳಗಿನಿಂದ ಅರೆದುಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಇನ್ನೊಂದು ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಚಕ್ರವಾದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟಯರಿನ ಮುಖ ಹೊರಗೆ ಬರುತ್ತದೆ, ಜಾಕಿ ಬೇಡ. ಹಿಂದಿನ ಚಕ್ರದಲ್ಲಿ ಮೊಳೆ ಒಳಗಡೆ ಸಿಕ್ಕಿಕೊಂಡಿದ್ದರೆ ಗಾಡಿಯನ್ನು ಸ್ವಲ್ಪ ದೂರ ಉರುಳಿಸಿ ಮೊಳೆಯನ್ನು ಮೇಲ್ಮುಖ ಮಾಡಿಕೊಳ್ಳಬೇಕು. ಆಗಲೂ ಕೈ ಹೋಗದಿದ್ದರೆ ಚಕ್ರ ಬಿಚ್ಚುವುದೇ ದಾರಿ. ಚಕ್ರ ಬಿಚ್ಚಿದ ಮೇಲೆ ಸ್ಟೆಪ್ನಿ ಹಾಕಿಯೇ ಹೋಗಿ, ಸ್ಟ್ರಿಪ್ ಹಾಕಿ ಸಮಯ ಹಾಳು ಮಾಡಬೇಡಿ.

ಮೊಳೆ ಸಿಕ್ಕಿತು ಎಂದುಕೊಳ್ಳಿ. ಎಳೆಯುವ ಮುಂಚೆ ಅದು ಯಾವ ಓರೆಯಲ್ಲಿ ಹೊಕ್ಕಿದೆ ನೋಡಿ, ಸೀಮೆಸುಣ್ಣದಿಂದ ಪಕ್ಕದಲ್ಲಿ ಒಂದು ಗುರುತು ಹಾಕಿ. ಮೊಳೆ ಬಂದ ಮೇಲೆ ಕಪ್ಪು ರಬ್ಬರಿನಲ್ಲಿ ಆ ತೂತು ಬರಿಗಣ್ಣಿಗೆ ಕಾಣುವುದಿಲ್ಲ, ಅದರಲ್ಲೂ ಮಳೆಯಲ್ಲಿ. ಅರಕ್ಕೆ ಎರಡು ತೊಟ್ಟು ಸೊಲ್ಯೂಷನ್ ಹಚ್ಚಿ ಅದೇ ಓರೆಯಲ್ಲಿ ಐದಾರು ಸಲ ಒಳಗೆ ಹೊರಗೆ ಆಡಿಸಿ. ಹೊಸ ಕೈಗಳು ಎಡವುವುದು ಇಲ್ಲೇ: ಮೊಳೆ ಓರೆಯಾಗಿ ಹೊಕ್ಕಿದ್ದರೂ ಅರವನ್ನು ನೆಟ್ಟಗೆ ಚುಚ್ಚುತ್ತಾರೆ, ಒಂದು ತೂತಿದ್ದ ಕಡೆ ಎರಡಾಗುತ್ತದೆ. ಸ್ಟ್ರಿಪ್ಪನ್ನು ಸೂಜಿಯ ಕಣ್ಣಿನಲ್ಲಿ ಅರ್ಧಕ್ಕೆ ಬರುವಂತೆ ಪೋಣಿಸಿ, ಸೊಲ್ಯೂಷನ್ ಬಳಿದು, ಎರಡು ತುದಿಗಳು ಹೊರಗೆ ಒಂದೊಂದು ಸೆಂಟಿಮೀಟರ್ ಉಳಿಯುವವರೆಗೆ ಒತ್ತಿ. ಒತ್ತುವುದು ನಿಧಾನ, ಎಳೆಯುವುದು ಒಂದೇ ಏಟಿಗೆ. ಸೂಜಿಯ ಕಣ್ಣಿಗೆ ತುದಿಯಲ್ಲಿ ಒಂದು ಸಣ್ಣ ಸೀಳು ಇರುತ್ತದೆ, ಜೋರಾಗಿ ಎಳೆದಾಗ ಸ್ಟ್ರಿಪ್ ಆ ಸೀಳಿನಿಂದ ಜಾರಿ ಟಯರಿನೊಳಗೇ ಗಂಟಾಗಿ ಉಳಿಯುತ್ತದೆ. ಮೆಲ್ಲಗೆ ಎಳೆದರೆ ಸ್ಟ್ರಿಪ್ ಸೂಜಿಯ ಜೊತೆಗೇ ಹೊರಬರುತ್ತದೆ. ಹೊರಗಿನ ತುದಿಗಳನ್ನು 3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಗಾಳಿ ಹಾಕಿ, ಬಾಟಲಿಯಲ್ಲಿ ಸೋಪಿನ ನೀರಿದ್ದರೆ ಸುರಿಯಿರಿ, ಇಲ್ಲದಿದ್ದರೆ ಉಗುಳು ಸಾಕು. ಗುಳ್ಳೆ ಬರುತ್ತಿದ್ದರೆ ಪಕ್ಕದಲ್ಲಿ ಇನ್ನೊಂದು ಸ್ಟ್ರಿಪ್. ಮೂರನೆಯದು ಬೇಕಾದ ತೂತು ಈ ಕಿಟ್ಟಿನ ತೂತಲ್ಲ.

ಕೈಕೊಡುವುದು ಎಲ್ಲಿ ಎಂದರೆ, ಟಯರಿನ ಪಕ್ಕದಲ್ಲಿ. ಸ್ಟ್ರಿಪ್ ಹಿಡಿಯುವುದು ನೆಲಕ್ಕೆ ತಾಗುವ ಭಾಗದಲ್ಲಿ, 6 ಮಿಲಿಮೀಟರ್ ಒಳಗಿನ ತೂತಿಗೆ ಮಾತ್ರ. ಪಕ್ಕದ ಗೋಡೆ ಓಡುವಾಗ ಸದಾ ಮಡಿಯುತ್ತ ಬಿಚ್ಚುತ್ತ ಇರುತ್ತದೆ, ಅಲ್ಲಿ ತುರುಕಿದ ಸ್ಟ್ರಿಪ್ ಹಾರಿಹೋಗುತ್ತದೆ. ನಮ್ಮ ಘಾಟಿಗಳಲ್ಲಿ ಪಕ್ಕ ಸೀಳುವುದು ಅಪರೂಪವಲ್ಲ ಎಂಬುದೇ ತೊಂದರೆ. ಕಾಂಕ್ರೀಟು ಮುಗಿದು ಮಣ್ಣು ಶುರುವಾಗುವಲ್ಲಿ, ಡಾಂಬರು ಕಿತ್ತ ಅಂಚಿನಲ್ಲಿ, ಎದುರಿನ ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಇಳಿಸಿ ಮತ್ತೆ ಹತ್ತಿಸುವಾಗ ಆ ಮೊನಚು ಅಂಚು ಟಯರಿನ ಪಕ್ಕವನ್ನೇ ಕೆರೆಯುತ್ತದೆ. ಆದ್ದರಿಂದ ಕಿಟ್ಟು ಇದೆ ಎಂದು ಸ್ಟೆಪ್ನಿ ಮನೆಯಲ್ಲಿ ಬಿಟ್ಟು ಡಿಕ್ಕಿಗೆ ಜಾಗ ಮಾಡಿಕೊಳ್ಳುವ ಬುದ್ಧಿವಂತಿಕೆ ಬೇಡ. ಸ್ಟೆಪ್ನಿಯೇ ಕೊಡದೆ ಕಿಟ್ಟನ್ನಷ್ಟೇ ಕೊಟ್ಟಿರುವ ಕಾರಿನವರು ಹೊರಡುವ ಮುಂಚೆ ಇದನ್ನು ಎರಡು ಸಲ ಯೋಚಿಸಬೇಕು. ತೆಳ್ಳಗಿನ ಸ್ಟೆಪ್ನಿ ಇದ್ದವರು ಅದರ ಮೇಲೆ ಬರೆದ 80ರ ವೇಗಮಿತಿ ನೆನಪಿಡಿ, ಘಾಟಿಯಲ್ಲಿ ಅದರ ಅರ್ಧವೂ ಬೇಡ.

ಈಗ ಪಂಪು. 12 ವೋಲ್ಟಿನದು ಸುಮಾರು 1500ರಿಂದ 3000 ರೂಪಾಯಿಗೆ ಸಿಗುತ್ತದೆ. ಬ್ಯಾಟರಿ ಒಳಗೇ ಇರುವ ಪಂಪು ನೋಡಲು ಚಂದ, ವಯರಿನ ಗೋಜಿಲ್ಲ. ಆದರೆ ತಿಂಗಳುಗಟ್ಟಲೆ ಬಿಸಿ ಡಿಕ್ಕಿಯಲ್ಲಿ ಬಿದ್ದಿದ್ದು ಬೇಕಾದ ದಿನ ಚಾರ್ಜ್ ಇಲ್ಲ ಎಂದರೆ ಏನು ಮಾಡುವುದು? ಒಂಟಿ ದಾರಿಗೆ ವಯರಿನದೇ ಸರಿ, ಎಂಜಿನ್ ಓಡುವವರೆಗೆ ಅದಕ್ಕೆ ಕರೆಂಟಿದೆ. ಕೊಳ್ಳುವಾಗ ವಯರಿನ ಉದ್ದ ಅಳೆಯಿರಿ: ಡ್ಯಾಶ್‌ಬೋರ್ಡಿನ ಸಾಕೆಟ್ಟಿನಿಂದ ಹಿಂದಿನ ಚಕ್ರದವರೆಗೆ ಬರಬೇಕು, 3 ಮೀಟರಿಗಿಂತ ಕಡಿಮೆಯದು ಬೇಡ. ವಾಲ್ವಿಗೆ ಕೂರುವ ತುದಿ ಎರಡು ಬಗೆ, ಒತ್ತಿ ಕ್ಲಿಪ್ ಹಾಕುವುದು ಮತ್ತು ತಿರುಗಿಸಿ ಕೂರಿಸುವುದು. ತಿರುಗಿಸುವುದು ಗಟ್ಟಿ, ಆದರೆ ಬಿಚ್ಚುವಾಗ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸುಯ್ಯೆಂದು ಹೋಗುತ್ತದೆ, ಆದ್ದರಿಂದ 2 ಹೆಚ್ಚೇ ಹಾಕಿ. ಸಾಧಾರಣ ಪಂಪು 10 ಆಂಪಿಯರ್ ಆಸುಪಾಸು ಎಳೆಯುತ್ತದೆ. ಸಾಕೆಟ್ಟಿನ ಫ್ಯೂಸ್ ಎಷ್ಟರದ್ದು ಎಂದು ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲಿ ನೋಡಿ, ಅದೇ ಅಳತೆಯ ಎರಡು ಫ್ಯೂಸ್ ಡಬ್ಬಿಯಲ್ಲಿಡಿ. ಅದೇ ಸಾಕೆಟ್ಟಿಗೆ ಸ್ಪ್ಲಿಟರ್ ಹಾಕಿ ಮೊಬೈಲನ್ನೂ ಚಾರ್ಜಿಗೆ ಇಟ್ಟವರ ಫ್ಯೂಸ್ ಹೋದರೆ ಪಂಪೂ ಹೋಯಿತು, ಮೊಬೈಲೂ ಹೋಯಿತು.

ಸಣ್ಣ ಕಾರಿನ ಒಂದು ಟಯರು ಸೊನ್ನೆಯಿಂದ 32 ಪಿಎಸ್‌ಐಗೆ ಏರಲು ಐದಾರು ನಿಮಿಷದಿಂದ ಎಂಟು ನಿಮಿಷ. ಎಸ್‌ಯುವಿ ಟಯರಾದರೆ ಅದಕ್ಕೂ ಹೆಚ್ಚು, ಅಲ್ಲಿ ಅಗ್ಗದ ಪಂಪಿಗೆ ಏದುಸಿರು. 10 ನಿಮಿಷ ಓಡಿದರೆ 10 ನಿಮಿಷ ವಿಶ್ರಾಂತಿ ಕೊಡಿ, ಮೈ ಮುಟ್ಟಲಾಗದಷ್ಟು ಬಿಸಿಯಾಗಿ ಒಳಗಿನ ಪಿಸ್ಟನ್ ಹಿಡಿದುಕೊಂಡರೆ ಅದು ಮತ್ತೆ ಏಳುವುದಿಲ್ಲ. ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಪೆಟ್ರೋಲ್ ಬಂಕಿನ ಹುಡುಗ "ಎಷ್ಟು ಹಾಕ್ಲಿ ಅಣ್ಣ?" ಎಂದಾಗ ಅಲ್ಲಿ 32 ತುಂಬಿಸಿ, ತಕ್ಷಣ ನಿಮ್ಮ ಪಂಪಿನ ಮೀಟರ್ ಎಷ್ಟು ತೋರಿಸುತ್ತದೆ ನೋಡಿ. 2–3 ವ್ಯತ್ಯಾಸವಿದ್ದರೆ ಪಂಪಿನ ಮೇಲೆಯೇ ಮಾರ್ಕರ್‌ನಲ್ಲಿ ಬರೆದಿಡಿ. ನಿಮ್ಮ ಕಾರಿಗೆ ಎಷ್ಟು ಗಾಳಿ ಎಂಬುದು ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿದೆ. ಅದು ತಣ್ಣನೆಯ ಟಯರಿನ ಲೆಕ್ಕ. ಘಾಟಿ ಹತ್ತಿ ಬಿಸಿಯಾದ ಟಯರು 3–4 ಹೆಚ್ಚು ತೋರಿಸಿದರೆ ಗಾಳಿ ಬಿಡಬೇಡಿ.

ಮಳೆಗಾಲದ ಮಾತೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಪಂಕ್ಚರ್ ಆಗುವುದೂ ಆ ಮಳೆಯಲ್ಲೇ: ಒದ್ದೆ ರಬ್ಬರಿಗೆ ಚೂಪುಕಲ್ಲು ಸುಲಭವಾಗಿ ಹೊಗುತ್ತದೆ. ಆದರೆ ಒದ್ದೆ ತೂತಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಹಳೆ ಬನಿಯನ್ ಬಟ್ಟೆ ಒಂದಿಷ್ಟು, ಟಯರಿನ ಮೇಲೆ ಹಿಡಿಯಲು ಕೊಡೆ, ಹಿಡಿಯಲು ಇನ್ನೊಬ್ಬರು. ತಲೆಗೆ ಕಟ್ಟುವ ಟಾರ್ಚು ಕೈಯ ಟಾರ್ಚಿಗಿಂತ ಹತ್ತು ಪಾಲು ಮೇಲು. ಮಂಡಿ ಊರಲು ಒಂದು ಗೋಣಿ ಇರಲಿ, ರಸ್ತೆಬದಿಯ ಹುಲ್ಲಿನಲ್ಲಿ ಐದು ನಿಮಿಷ ಕೂತರೆ ಇಂಬಳ (ಜಿಗಣೆ) ಕಾಲು ಹುಡುಕಿಕೊಂಡು ಬರುತ್ತದೆ. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆಯೇ ಇಟ್ಟರೆ ಹೇರ್‌ಪಿನ್ ತಿರುವಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ತಿರುವಿಗೂ ಮುಂಚೆ, ಬರುವವನಿಗೆ ಮೊದಲೇ ಕಾಣುವಲ್ಲಿ ಇಡಬೇಕು. ಕುದುರೆಮುಖದ ದಾರಿಯಲ್ಲಿ ರಾತ್ರಿ ಕಾಟಿಗಳು (ಕಾಡುಕೋಣಗಳು) ರಸ್ತೆಗೆ ಬರುತ್ತವೆ, ಹೊರಗಿಳಿಯುವ ಮುಂಚೆ ಹೆಡ್‌ಲೈಟಿನಲ್ಲಿ ಎರಡೂ ಬದಿ ನೋಡಿಕೊಳ್ಳಿ. ಕಾಡಿನ ಚೆಕ್‌ಪೋಸ್ಟಿನ ಸಮಯವನ್ನು ಕೆಳಗೆ ಊರಲ್ಲೇ ವಿಚಾರಿಸಿಕೊಂಡು ಹೊರಡುವುದು ಲೇಸು.

ಜೆಲ್ ಡಬ್ಬಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಲ್ವಿನಿಂದ ತುಂಬಿಸಿದರೆ ತೂತು ಮುಚ್ಚುತ್ತದೆ ನಿಜ, ಆದರೆ ನಂತರ ಪಂಕ್ಚರ್ ಅಂಗಡಿಯವರು ಆ ಗೊಜ್ಜನ್ನು ತೊಳೆಯುವಾಗ ಹಾಕುವ ಶಾಪ ನಿಮಗೇ.

ಕಿಟ್ಟು ಕೊಂಡ ದಿನ ಪರಿಚಯದ ಪಂಕ್ಚರ್ ಅಂಗಡಿಗೆ ಹೋಗಿ ಎಸೆಯಲಿಟ್ಟ ಒಂದು ಟಯರ್ ಕೇಳಿ, ಅದಕ್ಕೆ ಮೊಳೆ ಹೊಡೆದು, ಎರಡು ಸ್ಟ್ರಿಪ್ ಹಾಕಿ ಕಲಿಯಿರಿ. ಸೂಜಿ ಎಷ್ಟು ಬಲಕ್ಕೆ ಒಳಹೋಗುತ್ತದೆ ಎಂಬುದು ಕೈಗೆ ಗೊತ್ತಾಗಬೇಕು. ಕಿಟ್ಟು, ಪಂಪು, ಪ್ಲೇಯರ್, ಟಾರ್ಚು ಎಲ್ಲವೂ ಒಂದೇ ಚೀಲದಲ್ಲಿ, ಡ್ರೈವರ್ ಸೀಟಿನ ಹಿಂದೆ ಇರಲಿ. ಡಿಕ್ಕಿಯ ತಳದಲ್ಲಿ ಇಟ್ಟರೆ ಮಳೆಯಲ್ಲಿ ಧರ್ಮಸ್ಥಳದ ಪ್ರಸಾದದ ಪೊಟ್ಟಣದಿಂದ ಹಿಡಿದು ಎಲ್ಲವನ್ನೂ ರಸ್ತೆಗೆ ಇಳಿಸಬೇಕಾಗುತ್ತದೆ. ಇಷ್ಟಾಗಿಯೂ ಆಗದಿದ್ದರೆ ಮೊದಲು ಬರುವ ಬಸ್ಸಿಗೆ ಕೈ ಮಾಡಿ. ಕಂಡಕ್ಟರಿಗೆ ಹೇಳಿ ಕಳಿಸಿದ ಮಾತು ಮುಂದಿನ ಪೇಟೆಯ ಪಂಕ್ಚರ್ ಅಂಗಡಿಗೆ ಮುಟ್ಟುತ್ತದೆ, ಕೊನೆಯ ಬಸ್ಸಿನ ಹೊತ್ತು ತಿಳಿದಿದ್ದರೆ ಸರಿ.

ಸ್ಟ್ರಿಪ್ ಹಾಕಿದ ಟಯರಿನ ಗಾಳಿಯನ್ನು 10 ಕಿಲೋಮೀಟರಿಗೊಮ್ಮೆ ನೋಡಿ, ಪೇಟೆ ಸಿಕ್ಕ ಮೇಲೆ ಟಯರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿ. ಹಾಗೇ ಒಂದು ಹೊಸ ಸೊಲ್ಯೂಷನ್ ಟ್ಯೂಬು ಕೇಳಿ ತೆಗೆದುಕೊಳ್ಳಿ. ಒಮ್ಮೆ ಬಾಯಿ ತೆಗೆದ ಟ್ಯೂಬು ಮುಂದಿನ ಮಳೆಗಾಲದ ಹೊತ್ತಿಗೆ ಒಳಗೇ ಒಣಗಿ ಗಟ್ಟಿಯಾಗಿರುತ್ತದೆ.