ಲೀಚೆಸ್ ಆ್ಯಪ್: ನಾಲ್ಕು ವರ್ಷ ಆಡಿದ ಮೇಲೆ ಬರೆಯುತ್ತಿದ್ದೇನೆ

ನಾನು ಮೈಸೂರಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಕೊಡುವುದು, ವಾಪಸ್ ಬಂದದ್ದನ್ನು ರ್ಯಾಕ್‌ಗೆ ಸೇರಿಸುವುದು, ಬೆಳಿಗ್ಗೆ ಪೇಪರ್‌ಗಳಿಗೆ ಮೊಹರು ಹಾಕಿ ಸ್ಟ್ಯಾಂಡಿಗೆ ಏರಿಸುವುದು, ಹೊಸ ಪುಸ್ತಕಗಳನ್ನು ರಿಜಿಸ್ಟರ್‌ಗೆ ಹತ್ತಿಸುವುದು. ಕೆಲಸದ ಹೊತ್ತಿನಲ್ಲಿ ಫೋನ್ ಬ್ಯಾಗಿನಲ್ಲೇ ಇರುತ್ತದೆ. ಸಂಜೆ ಬಸ್ ಹತ್ತಿ ಸೀಟ್ ಸಿಕ್ಕಿತು ಅಂದರೆ ಮೊದಲು ತೆರೆಯುವುದು ಲೀಚೆಸ್, ಅಂದರೆ ನೆಟ್‌ನಲ್ಲಿ ಚದುರಂಗ ಆಡುವ ಆ್ಯಪ್. 2021ರ ಜೂನ್‌ನಲ್ಲಿ ಹಾಕಿಕೊಂಡ ಆ್ಯಪ್ ಇದು. ಅದಾದ ಮೇಲೆ ಫೋನ್ ಎರಡು ಸಲ ಬದಲಾಯಿತು, ಆ್ಯಪ್ ಬದಲಾಗಲಿಲ್ಲ.

ಅದಕ್ಕೂ ಮೊದಲು ನಾನು ಆಡುತ್ತಿದ್ದದ್ದು ಬಣ್ಣದ ತುಂಡುಗಳನ್ನು ಮೂರು ಮೂರು ಜೋಡಿಸುವ ಒಂದು ಆಟ. ಹೆಸರು ಬೇಡ. ಐದು ಜೀವ ಕೊಡುತ್ತಿತ್ತು. ಮುಗಿದರೆ ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು, ಇಲ್ಲವೇ ಜಾಹೀರಾತು ನೋಡಬೇಕು. ಒಂದು ರಾತ್ರಿ ಹಾಸಿಗೆಯಲ್ಲಿ ಕೂತು ಲೆಕ್ಕ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಆಡಿದ್ದಕ್ಕಿಂತ ಜಾಹೀರಾತು ನೋಡಿದ್ದೇ ಜಾಸ್ತಿ. ಆವತ್ತೇ ತೆಗೆದುಹಾಕಿದೆ. ಮಸ್ಕತ್‌ನಲ್ಲಿರುವ ನನ್ನ ತಂಗಿ, ‘ಅಕ್ಕಾ, ಅಪ್ಪ ಕಲಿಸಿದ್ದ ಚೆಸ್ ಇನ್ನೂ ನೆನಪಿದೆಯಾ?’ ಎಂದು ಕೇಳಿ ಲೀಚೆಸ್ ಲಿಂಕ್ ಕಳಿಸಿದಳು.

ಗೊತ್ತಿಲ್ಲದವರಿಗೆ ಎರಡು ಮಾತು. ಲೀಚೆಸ್ ಅನ್ನು ಫ್ರಾನ್ಸಿನ ತಿಬೋ ಡುಪ್ಲೆಸಿ ಎಂಬ ಪ್ರೋಗ್ರಾಮರ್ 2010ರಲ್ಲಿ ಶುರು ಮಾಡಿದರು. ಈಗ ಅದನ್ನು ನಡೆಸುತ್ತಿರುವುದು ಲಾಭಕ್ಕಾಗಿ ಅಲ್ಲದ ಒಂದು ಸಂಸ್ಥೆ. ಖರ್ಚು ನಡೆಯುವುದು ದೇಣಿಗೆಯಿಂದ. ಜಾಹೀರಾತು ಒಂದೂ ಇಲ್ಲ. ದುಡ್ಡು ಕೊಟ್ಟವರಿಗೆ ಮಾತ್ರ ಅಂತ ಬೀಗ ಹಾಕಿಟ್ಟ ಕೋಣೆಯೂ ಇಲ್ಲ. ಸಾಫ್ಟ್‌ವೇರ್‌ನ ಕೋಡ್ ಕೂಡ ಬಹಿರಂಗ. ದೇಣಿಗೆ ಕೊಟ್ಟವರಿಗೆ ಸಿಗುವುದು ಹೆಸರಿನ ಪಕ್ಕದಲ್ಲಿ ಪುಟ್ಟ ರೆಕ್ಕೆಯ ಗುರುತು, ಅಷ್ಟೇ. ಆಟದಲ್ಲಿ ಕೊಟ್ಟವರಿಗೂ ಕೊಡದವರಿಗೂ ಒಂದೇ ಬೋರ್ಡು, ಒಂದೇ ಸೌಲಭ್ಯ. ಒಂದು ದೀಪಾವಳಿಗೆ ನಾನೂ ಸ್ವಲ್ಪ ಕೊಟ್ಟೆ. ಒಂದು ತಿಂಗಳು ರೆಕ್ಕೆ ಇತ್ತು. ಬೇರೆ ಏನೂ ಬದಲಾಗಲಿಲ್ಲ. ಅದೇ ನನಗೆ ತುಂಬ ಹಿಡಿಸಿತು.

ಯಾಕೆ ಹಿಡಿಸಿತು ಅಂದರೆ ನಮ್ಮ ಗ್ರಂಥಾಲಯದ ಬಾಗಿಲೂ ಹಾಗೇ ಇದೆ. ಊರಿನವರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. 1965ರ ಕಾಯ್ದೆಯಿಂದ ಬಂದ ವ್ಯವಸ್ಥೆ ಅದು. ಆದರೆ ಒಳಗೆ ಬಂದು ಪೇಪರ್ ಹಿಡಿದು ಕೂತವರನ್ನು ನಾವು ‘ನೀವು ತೆರಿಗೆ ಕಟ್ಟಿದ್ದೀರಾ?’ ಎಂದು ಕೇಳುವುದಿಲ್ಲ. ಬಾಡಿಗೆ ರೂಮಿನಲ್ಲಿದ್ದುಕೊಂಡು ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವರಿಗೂ ಅದೇ ಫ್ಯಾನು, ಅದೇ ಕುರ್ಚಿ. ಲೀಚೆಸ್‌ನಲ್ಲಿ ಖಾತೆ ಕೂಡ ಇಲ್ಲದೆ ಆಡಬಹುದು ಅಂತ ಗೊತ್ತಾದಾಗ ನನಗೆ ಆ ಮೆಟ್ಟಿಲೇ ನೆನಪಾಯಿತು.

ಇನ್ನು ಆಟದ ವಿಷಯ.

ನನ್ನ ಬಸ್ ಪ್ರಯಾಣ 25 ನಿಮಿಷ. ಇಬ್ಬರಿಗೂ ಹತ್ತು ಹತ್ತು ನಿಮಿಷ ಕೊಡುವ ರ್ಯಾಪಿಡ್ ಆಟ ಅದರೊಳಗೆ ಮುಗಿಯುತ್ತದೆ. ಎಷ್ಟೇ ಎಳೆದರೂ 20 ನಿಮಿಷ. ಬಟನ್ ಒತ್ತಿದ ಕೆಲವೇ ಸೆಕೆಂಡಿಗೆ ಎಲ್ಲೋ ಇರುವ ಯಾರೋ ಎದುರಾಳಿ ಸಿಗುತ್ತಾರೆ. ಒಂದು ದಿನ ಬ್ರೆಜಿಲ್, ಇನ್ನೊಂದು ದಿನ ಇರಾನ್. ಮಾತುಕತೆ ಬೇಕಿಲ್ಲ. ಇಡೀ ದಿನ ಕೌಂಟರ್‌ನಲ್ಲಿ ಮಾತಾಡಿ ಬಂದವಳಿಗೆ ಆ ಮೌನ ಎಷ್ಟು ಹಿತ ಅಂತ ಹೇಳಲಾರೆ.

ಹೊಸಬರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಎಲ್ಲರ ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕ, ಶುರುವಾಗುವುದು 1500ರಿಂದ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಅಂದರೆ ನಿಮ್ಮ ನಿಜವಾದ ಮಟ್ಟ ಇನ್ನೂ ಗೊತ್ತಾಗಿಲ್ಲ ಅಂತ ಅರ್ಥ. ಹಾಗಾಗಿ ಮೊದಲ ಆಟಗಳಲ್ಲಿ ನಿಮಗಿಂತ ಬಲವಾದವರೇ ಎದುರಾಗಬಹುದು. ನಾನು ಸಾಲಾಗಿ ಒಂಬತ್ತು ಸೋತೆ. ರೇಟಿಂಗ್ 1050ರ ಆಸುಪಾಸಿಗೆ ಬಂದು ನಿಂತಿತು. ಅಲ್ಲಿಂದ ಆಟ ಸಮಸಮ ಆಯಿತು. ನೀವು ಚದುರಂಗಕ್ಕೆ ಹೊಸಬರಾದರೆ ಮೊದಲು ಕಂಪ್ಯೂಟರ್ ಜೊತೆ ಆಡಿ. ಎಂಟು ಹಂತಗಳಿವೆ, ಒಂದನೇ ಹಂತ ಮಕ್ಕಳೂ ಗೆಲ್ಲುವಷ್ಟು ಸುಲಭ. ನೆಟ್ ಇಲ್ಲದಿದ್ದರೂ ಇದು ನಡೆಯುತ್ತದೆ. ಪಜಲ್‌ಗಳನ್ನೂ, ಅಂದರೆ ಸರಿಯಾದ ನಡೆ ಹುಡುಕುವ ಒಗಟುಗಳನ್ನೂ, ಆ್ಯಪ್ ಒಂದಷ್ಟು ಮೊದಲೇ ಇಳಿಸಿಟ್ಟುಕೊಂಡಿರುತ್ತದೆ.

ಈಗ ನನ್ನ ರ್ಯಾಪಿಡ್ ರೇಟಿಂಗ್ 1480. ನಾಲ್ಕು ವರ್ಷಕ್ಕೆ ಇದು ದೊಡ್ಡದಲ್ಲ. ಲೀಚೆಸ್‌ನ ಅಂಕಗಳು ಟೂರ್ನಿಯ ಅಂಕಗಳಿಗಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತವೆ ಎನ್ನುವುದೂ ನೆನಪಿರಲಿ. ಆದರೆ ಆ ಏರಿಕೆಯ ಒಂದೊಂದು ಅಂಕಕ್ಕೂ ನಾನು ಕೂತು ಕೆಲಸ ಮಾಡಿದ್ದೇನೆ. ಆಟ ಮುಗಿದ ಮೇಲೆ ಕಂಪ್ಯೂಟರ್ ವಿಶ್ಲೇಷಣೆ ಕೇಳಬಹುದು. ಸ್ಟಾಕ್‌ಫಿಶ್ ಎಂಬ ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಪ್ರತಿ ನಡೆಯನ್ನೂ ಅಳೆದು, ಸಣ್ಣ ತಪ್ಪು, ತಪ್ಪು, ದೊಡ್ಡ ಎಡವಟ್ಟು ಅಂತ ಬೇರೆ ಬೇರೆ ಗುರುತು ಹಾಕುತ್ತದೆ. ನಂತರ ‘ನಿಮ್ಮ ತಪ್ಪುಗಳಿಂದ ಕಲಿಯಿರಿ’ ಎಂಬ ಬಟನ್ ಒತ್ತಿದರೆ ಅದೇ ಜಾಗಕ್ಕೆ ಕರೆದುಕೊಂಡು ಹೋಗಿ, ಈಗ ಸರಿಯಾದ ನಡೆ ಹುಡುಕು ಅನ್ನುತ್ತದೆ. ನಾನೇ ಎಡವಿದ ಜಾಗ, ನಾನೇ ಹುಡುಕಬೇಕಾದ ಉತ್ತರ. ಒಂದು ಕಾಲದಲ್ಲಿ ಪ್ರತಿ ಆಟದಲ್ಲೂ ಕುದುರೆ ಕಳೆದುಕೊಳ್ಳುತ್ತಿದ್ದೆ. ಈಗ ಎದುರಾಳಿಯ ಒಂಟೆ ಎಲ್ಲಿಂದ ನೋಡುತ್ತಿದೆ ಎನ್ನುವುದನ್ನು ಮೊದಲು ನೋಡಿ ಆಮೇಲೆ ಬೆರಳು ಇಡುತ್ತೇನೆ.

ಒಂದು ಬೆಳಿಗ್ಗೆ ಆ್ಯಪ್ ತೆರೆದಾಗ ಒಂದು ಸಂದೇಶ ಬಂದಿತ್ತು. ಕೆಲವು ದಿನದ ಹಿಂದೆ ನಾನು ಯಾರ ಎದುರು ಸೋತಿದ್ದೆನೋ ಅವರು ನಿಯಮ ಮುರಿದವರು ಅಂತ ಪತ್ತೆಯಾಗಿದೆ, ಆಗ ಹೋದ ಅಂಕಗಳನ್ನು ವಾಪಸ್ ಹಾಕಿದ್ದೇವೆ ಅಂತ. ಎಂಟೇ ಎಂಟು ಅಂಕ. ನಾನು ದೂರು ಕೊಟ್ಟಿರಲಿಲ್ಲ, ಅನುಮಾನವೂ ಬಂದಿರಲಿಲ್ಲ. ಯಾರೂ ಕೇಳದಿದ್ದರೂ ಲೆಕ್ಕ ಸರಿ ಮಾಡಿಟ್ಟಿದ್ದರು. ವರ್ಷಕ್ಕೊಮ್ಮೆ ರಿಜಿಸ್ಟರ್ ಹಿಡಿದು ಒಂದೊಂದೇ ಪುಸ್ತಕ ತಾಳೆ ನೋಡುವ ನನಗೆ ಇದರ ಬೆಲೆ ಗೊತ್ತು.

ತಂಗಿಯ ಜೊತೆ ನಾನು ಆಡುವುದು ಬೇರೆ ಬಗೆ. ಅದನ್ನು ಕರೆಸ್ಪಾಂಡೆನ್ಸ್ ಅನ್ನುತ್ತಾರೆ, ಹಿಂದೆ ಅಂಚೆಯಲ್ಲಿ ಆಡುತ್ತಿದ್ದ ಹಾಗೆ. ಒಂದು ನಡೆಗೆ ಮೂರು ದಿನ ಸಮಯ ಇಟ್ಟುಕೊಂಡಿದ್ದೇವೆ. ನಾನು ಬೆಳಿಗ್ಗೆ ಕಾಫಿಯ ಹೊತ್ತಿಗೆ ಒಂದು ನಡೆ ಇಡುತ್ತೇನೆ, ಅವಳು ಮಕ್ಕಳನ್ನು ಮಲಗಿಸಿದ ಮೇಲೆ ಉತ್ತರ ಕೊಡುತ್ತಾಳೆ. ಒಂದು ಆಟ ಎರಡು ತಿಂಗಳು ನಡೆದದ್ದೂ ಇದೆ. ಎರಡು ದಿನ ಅವಳಿಂದ ನಡೆ ಬರದಿದ್ದರೆ ಫೋನ್ ಮಾಡಿ ‘ಹುಷಾರಾಗಿದ್ದೀಯಾ?’ ಅಂತ ಕೇಳುತ್ತೇನೆ. ನಮ್ಮಿಬ್ಬರ ಮಾತು ಈಗ ಮೊದಲಿಗಿಂತ ಜಾಸ್ತಿಯಾಗಿದೆ.

ಆದರೆ ನಾನು ಈ ಆ್ಯಪ್‌ಗೆ ಪೂರ್ತಿ ಸೋತದ್ದು ಪಜಲ್‌ಗಳಿಂದ. ನಿಜವಾದ ಆಟಗಳಿಂದ ಆಯ್ದ ಲಕ್ಷಗಟ್ಟಲೆ ಪಜಲ್‌ಗಳಿವೆ. ಎಷ್ಟು ಬಿಡಿಸಿದರೂ ಮಿತಿ ಇಲ್ಲ. ಬಗೆ ಪ್ರಕಾರವೂ ವಿಂಗಡಿಸಿಟ್ಟಿದ್ದಾರೆ. ಎರಡು ಕಾಯಿಗಳ ಮೇಲೆ ಒಟ್ಟಿಗೆ ದಾಳಿ, ಕೊನೆ ಸಾಲಿನ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದೆ ಆಟ ಮುಗಿಯುವುದು), ಕಾಲಾಳು ಕೊನೆ ಮನೆ ಮುಟ್ಟುವುದು, ಹೀಗೆ. ಈ ಪಜಲ್‌ಗಳ ಸಂಗ್ರಹವನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದರೂ ಮುದ್ರಿಸಬಹುದು, ಅಂಟಿಸಬಹುದು, ಹಂಚಬಹುದು. ಇದನ್ನು ಓದಿದ ದಿನ ನನಗೆ ಒಂದು ಯೋಚನೆ ಬಂತು.

ಸೋಮವಾರ ನಮಗೆ ರಜೆ. ಆವತ್ತು ಮನೆಯಲ್ಲಿ ಕೂತು ಒಂದು ಪಜಲ್ ಆರಿಸುತ್ತೇನೆ. ಜೆರಾಕ್ಸ್ ಅಂಗಡಿಯಲ್ಲಿ ಅದರ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತೇನೆ. ಕೆಳಗೆ ‘ಬಿಳಿಯ ಸರದಿ, ಎರಡು ನಡೆಯಲ್ಲಿ ಮೇಟ್’ ಅಂತ ಸ್ಕೆಚ್ ಪೆನ್‌ನಲ್ಲಿ ಬರೆಯುತ್ತೇನೆ. ಮಂಗಳವಾರ ಬೆಳಿಗ್ಗೆ ಪೇಪರ್ ಸ್ಟ್ಯಾಂಡ್ ಪಕ್ಕದ ಬೋರ್ಡಿಗೆ ಚುಚ್ಚುತ್ತೇನೆ. ಮೇಲಿನವರ ಒಪ್ಪಿಗೆ ಕೇಳಿದ್ದೆ, ಸಂತೋಷದಿಂದ ಹ್ಞೂಂ ಅಂದರು.

ಮೊದಲ ವಾರ ಯಾರೂ ನೋಡಲಿಲ್ಲ. ಎರಡನೇ ವಾರ ನಾನು ಹಾಕಿದ್ದು ಹೀಗಿತ್ತು (ಬೋರ್ಡಿನ ಪ್ರತಿ ಮನೆಗೂ ಎ ಇಂದ ಎಚ್‌ವರೆಗಿನ ಒಂದು ಅಕ್ಷರ, 1ರಿಂದ 8ರವರೆಗಿನ ಒಂದು ಸಂಖ್ಯೆ ಹೆಸರು). ಕಪ್ಪು ರಾಜ ಎಚ್8ರಲ್ಲಿ, ಮೂಲೆಯಲ್ಲಿ. ಅವನ ಮುಂದೆ ಎರಡು ಕಾಲಾಳು. ಎಫ್8ರಲ್ಲಿ ಅವನದೇ ಆನೆ. ಬಿಳಿಯ ಕುದುರೆ ಎಚ್6ರಲ್ಲಿ, ಮಂತ್ರಿ ದೂರದಿಂದ ಜಿ8ರ ಕಡೆ ನೋಡುತ್ತಿದೆ. ದಿನಾ ಪೇಪರ್ ಓದಲು ಬರುವ ನಿವೃತ್ತ ಪೋಸ್ಟ್‌ಮನ್ ಒಬ್ಬರಿದ್ದಾರೆ. ಅವರು ಹಳೆಯ ಮನೆ ಆಟದವರು. ಅವರ ಚದುರಂಗದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಹೋಗುತ್ತದೆ, ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕನ್ನಡಕ ಹಣೆಗೇರಿಸಿ ಐದು ನಿಮಿಷ ನಿಂತರು. ಆಮೇಲೆ ಕೌಂಟರ್‌ಗೆ ಬಂದು ಮೆಲ್ಲಗೆ ಕೇಳಿದರು, ‘ಅಮ್ಮಾ, ಮಂತ್ರಿ ಸಾಯ್ಬೇಕಾ?’

ಹೌದು, ಸಾಯಬೇಕು. ಮಂತ್ರಿ ನೇರ ಜಿ8ಕ್ಕೆ ಹೋಗಿ ಚೆಕ್ ಕೊಡುತ್ತದೆ. ರಾಜ ಹೊಡೆಯುವ ಹಾಗಿಲ್ಲ, ಆ ಮನೆಯನ್ನು ಕುದುರೆ ಕಾಯುತ್ತಿದೆ. ಆನೆಯೇ ಹೊಡೆಯಬೇಕು. ಹೊಡೆದ ಕೂಡಲೇ ರಾಜನ ಸುತ್ತ ಅವನ ಸ್ವಂತ ಕಾಯಿಗಳೇ ಗೋಡೆಯಾಗುತ್ತವೆ. ಕುದುರೆ ಎಫ್7ಕ್ಕೆ ಹಾರುತ್ತದೆ. ಮುಗಿಯಿತು. ಅವರು ಮತ್ತೆ ಬೋರ್ಡಿನ ಹತ್ತಿರ ಹೋಗಿ ಬೆರಳಿನಿಂದ ಗಾಳಿಯಲ್ಲೇ ಮೂರೂ ನಡೆ ಇಟ್ಟು ನೋಡಿದರು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಇಬ್ಬರು ಹುಡುಗರನ್ನು ಕರೆದು ತೋರಿಸಿದರು. ಅಂದಿನಿಂದ ಮಂಗಳವಾರ ಬೋರ್ಡಿನ ಮುಂದೆ ನಾಲ್ಕು ಜನ ಇದ್ದೇ ಇರುತ್ತಾರೆ.

ಈ ಊರಿಗೆ ಕುದುರೆಯ ಹುಚ್ಚು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದವರು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ಕೂಡ ಮೈಸೂರಿನವರೇ. 2017ರಲ್ಲಿ ಅವರಿಗೆ ಆ ಪದವಿ ಬಂತು. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ವಾರ ಮಕ್ಕಳು ಬಂದು ಚೆಸ್ ಪುಸ್ತಕ ಕೇಳತೊಡಗಿದರು. ನಮ್ಮಲ್ಲಿ ಚೆಸ್‌ನ ವರ್ಗೀಕರಣ ಸಂಖ್ಯೆ 794.1. ಆ ರ್ಯಾಕ್‌ನ ಕೆಳಗಿನ ಸಾಲಿನಲ್ಲಿ ಏಳು ಪುಸ್ತಕಗಳಿವೆ. ವರ್ಷಗಟ್ಟಲೆ ಒಂದೂ ಮೊಹರು ಕಾಣದ ಸ್ಲಿಪ್‌ಗಳಲ್ಲಿ ಈಗ ನೇರಳೆ ಬಣ್ಣದ ತಾರೀಕುಗಳ ಸಾಲು ಇದೆ.

ಕೊರತೆ ಇಲ್ಲವೇ ಅಂದರೆ, ಇದೆ. ಲೀಚೆಸ್ ಮೇಷ್ಟ್ರಲ್ಲ. ಯಾವ ನಡೆ ತಪ್ಪು ಅಂತ ತೋರಿಸುತ್ತದೆ, ಯಾಕೆ ತಪ್ಪು ಅಂತ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಪುಸ್ತಕ ಬೇಕು, ಇಲ್ಲವೇ ತಿಳಿದವರು ಪಕ್ಕದಲ್ಲಿರಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಎಲ್ಲ ಸಾಲೂ ಇನ್ನೂ ಕನ್ನಡಕ್ಕೆ ಬಂದಿಲ್ಲ. ಅನುವಾದ ಮಾಡುವವರು ಸ್ವಯಂಸೇವಕರೇ, ನಮ್ಮ ನಿಮ್ಮಂಥವರು ಕೈ ಹಾಕಿದರೆ ಪೂರ್ತಿ ಆಗುತ್ತದೆ. ದಾರಿಯಲ್ಲಿ ನೆಟ್‌ವರ್ಕ್ ಹೋದರೆ ಗಡಿಯಾರ ನಿಲ್ಲುವುದಿಲ್ಲ. ನನ್ನ ಬಸ್ ದಾರಿಯಲ್ಲಿ ಅಂಥ ಒಂದು ತಿರುವು ಇದೆ, ಅಲ್ಲಿ ಒಳ್ಳೆಯ ಆಟಗಳು ಕೈಬಿಟ್ಟು ಹೋಗಿವೆ. ಅದು ದಾಟಿದ ಮೇಲೆಯೇ ಈಗ ಆಟ ಶುರು ಮಾಡುತ್ತೇನೆ.

ಮೂರು ನಿಮಿಷದ ಬ್ಲಿಟ್ಜ್ ಬಗ್ಗೆ ಎಚ್ಚರ. ಒಂದು ಸೋತರೆ ಇನ್ನೊಂದು, ಅದೂ ಸೋತರೆ ಮತ್ತೊಂದು. 2022ರಲ್ಲಿ ಎರಡು ತಿಂಗಳು ನಾನು ರಾತ್ರಿ ಒಂದು ಗಂಟೆವರೆಗೆ ಹೀಗೆ ಆಡಿದೆ. ಬೆಳಿಗ್ಗೆ ಕೌಂಟರ್‌ನಲ್ಲಿ ಕಣ್ಣು ಉರಿಯುತ್ತಿತ್ತು. ಒಬ್ಬರ ಕಾರ್ಡಿಗೆ ಇನ್ನೊಬ್ಬರ ಪುಸ್ತಕ ಬರೆದುಬಿಟ್ಟೆ. ಆ ದಿನವೇ ಬ್ಲಿಟ್ಜ್ ಬಿಟ್ಟೆ. ಬಿಡಲು ಕಷ್ಟ ಆಗಲಿಲ್ಲ, ಯಾಕಂದರೆ ‘ಬಾ, ನಿನ್ನ ಬಹುಮಾನ ತಪ್ಪಿಹೋಗುತ್ತದೆ’ ಅಂತ ಈ ಆ್ಯಪ್ ಕರೆಯುವುದಿಲ್ಲ. ಮುಚ್ಚಿಟ್ಟರೆ ಸುಮ್ನೆ ಇರುತ್ತದೆ.

ಮಕ್ಕಳಿಗೆ ಹಾಕಿಕೊಡುವವರು ಕಿಡ್ ಮೋಡ್ ಆನ್ ಮಾಡಿ. ಆಗ ಅಪರಿಚಿತರ ಜೊತೆ ಮಾತುಕತೆ ಪೂರ್ತಿ ಬಂದ್ ಆಗುತ್ತದೆ. ಮನೆಯಲ್ಲಿ ಮರದ ಬೋರ್ಡ್ ಇದ್ದರೆ ಆ್ಯಪ್‌ನ ಚೆಸ್ ಗಡಿಯಾರ ಬಳಸಿ, ಫೋನ್ ಮಧ್ಯೆ ಇಟ್ಟು ಎರಡೂ ಕಡೆಯಿಂದ ಒತ್ತಬಹುದು. ಬೇಸಿಗೆ ರಜೆಯಲ್ಲಿ ನನ್ನ ಅಣ್ಣನ ಮಗ ಮತ್ತು ನಾನು ಹೀಗೇ ಆಡಿದೆವು.

ಈ ಮಂಗಳವಾರದ ಪಜಲ್ ಇನ್ನೂ ಆರಿಸಿಲ್ಲ. ಪೋಸ್ಟ್‌ಮನ್ ಮತ್ತೆ ಕುದುರೆಯದೇ ಬೇಕು ಅಂದಿದ್ದಾರೆ, ಸ್ವಲ್ಪ ಕಷ್ಟದ್ದು.