ಯುಕೆ ಕನ್ಸಲ್ಟೆನ್ಸಿ: ವೀಸಾ ಫೈಲಿಗೆ ಅಡ್ಡಿಲ್ಲ, ಮಾರ್ಕ್ಸ್ ಲೆಕ್ಕ ನೀವೇ ನೋಡ್ಕೊಳ್ಳಿ

ಮಂಗ್ಳೂರು ಪೇಟೆಯ ಒಂದು ಸ್ಟಡಿ ಅಬ್ರಾಡ್ ಆಫೀಸು, ಹೆಸರು ಹಾಕುದಿಲ್ಲ. 3 ಸ್ಟಾರ್ ಕೊಡ್ತೇನೆ, ಅದ್ರಲ್ಲಿ 2 ವೀಸಾ ಫೈಲ್ ನೋಡುವ ಮೇಡಂಗೆ. ದುಡ್ಡು ಅಕೌಂಟಲ್ಲಿ 28 ದಿನ ಕೂತಿರ್ಬೇಕು, ಟಿಬಿ ಟೆಸ್ಟ್ ಆಗ್ಬೇಕು ಅಂತ ಫೋನ್ ಮಾಡಿ ಮಾಡಿ ನೆನಪಿಸಿದ್ರು.

ಆದ್ರೆ ಗ್ರೇಡಿನ ವಿಷಯಕ್ಕೆ ಬಂದ್ರೆ ಅಲ್ಲಿಯ ಕೌನ್ಸೆಲರ್ ಹುಡುಗನಿಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ. ಟೇಬಲ್ ಗ್ಲಾಸಿನ ಅಡಿಯಲ್ಲಿ ಯುಕೆ ಡಿಗ್ರಿ ಕ್ಲಾಸಿನ ಒಂದು ಚಾರ್ಟ್ ಇಟ್ಟಿದ್ದಾನೆ, 70ರ ಮೇಲೆ ಫಸ್ಟ್, 60ರಿಂದ 69 ಟೂ ಒನ್ (ಸೆಕೆಂಡ್ ಕ್ಲಾಸಿನ ಮೇಲಿನ ಭಾಗ), 50ರಿಂದ 59 ಟೂ ಟೂ (ಅದರ ಕೆಳಗಿನ ಭಾಗ), 40ರ ಮೇಲೆ ಥರ್ಡ್. ಚಾರ್ಟ್ ಸರಿಯೇ ಉಂಟು, ಆದ್ರೆ ಅದು ಯುಕೆಯ ಮಕ್ಕಳು ಅಲ್ಲಿಯೇ ತೆಗ್ದ ಮಾರ್ಕಿಗೆ. ನಮ್ಮ ಮಾರ್ಕಿಗೆ ಒಂದೊಂದು ಯೂನಿವರ್ಸಿಟಿದು ಒಂದೊಂದು ಲೆಕ್ಕ, ಒಂದು ಕಡೆ 60 ಇದ್ರೆ ಟೂ ಒನ್ ಅಂತ ತಗೊಳ್ತಾರೆ, ಇನ್ನೊಂದು ಕಡೆ 65 ಕೇಳ್ತಾರೆ, ನೀವು ಓದಿದ್ದು ಎಲ್ಲಿ ಅಂತ ನೋಡಿ ಕಟಾಫ್ ಹೆಚ್ಚು ಕಮ್ಮಿ ಮಾಡುವವರೂ ಇದ್ದಾರೆ.

ತಂಗಿದು ವಿಟಿಯು (ವಿಶ್ವೇಶ್ವರಯ್ಯ ಟೆಕ್ನಿಕಲ್ ಯೂನಿವರ್ಸಿಟಿ), 2018ರ ಸಿಲೆಬಸ್ ಸ್ಕೀಮ್, ಸಿಜಿಪಿಎ ಅಂದ್ರೆ ಎಲ್ಲ ಸೆಮಿಸ್ಟರಿನ ಸರಾಸರಿ ಪಾಯಿಂಟ್ ಹತ್ತಕ್ಕೆ 7.2. ಇವ ಹತ್ತರಿಂದ ಗುಣಿಸಿ 72, ಫಸ್ಟ್ ಬಂತು ಅಂತ ಫಾರ್ಮಲ್ಲಿ ಬರ್ದೇ ಬಿಟ್ಟ. ಆ ಸ್ಕೀಮಿಗೆ ವಿಟಿಯುದೇ ಫಾರ್ಮುಲಾ ಉಂಟಲ್ಲ, 0.75 ಕಳೆದು ಮತ್ತೆ ಹತ್ತರಿಂದ ಗುಣಿಸುದು, 64.5 ಬರ್ತದೆ, 65 ಕೇಳುವಲ್ಲಿ ಅರ್ಧ ಪರ್ಸೆಂಟಿಗೆ ಹೋಯ್ತು. ಹೇಳಿದ್ರೆ "ಅಕ್ಕಾ, ಅವ್ರು ಅಷ್ಟೆಲ್ಲ ನೋಡುದಿಲ್ಲ" ಅಂತಾನೆ. ಅಡ್ಮಿಶನ್‌ನವರಿಗೆ ನೋಡುದೇ ಅಲ್ವಾ ಕೆಲಸ? ಫಾರ್ಮ್ ವಾಪಸ್ ತಗೊಂಡು ನಾವೇ ತಿದ್ದಿದ್ದು.

ಹಾಗಾಗಿ ಯೂನಿವರ್ಸಿಟಿ ಸೈಟಲ್ಲಿ ಇಂಡಿಯಾದವರಿಗೆ ಅಂತ ಇರುವ ಪೇಜ್ ಮನೆಯಲ್ಲೇ ಓದಿ, ಪ್ರಿಂಟ್ ತೆಗ್ದು ಹಿಡ್ಕೊಂಡು ಹೋಗಿ, ಆಗ ಮಾತು ಬೇರೆಯೇ ಆಗ್ತದೆ. ನಮ್ಮತ್ರ ಫೀಸ್ ತಗೊಳ್ಳುದಿಲ್ಲ ಸರಿ, ಆದ್ರೆ ಅವ್ರಿಗೆ ಯೂನಿವರ್ಸಿಟಿ ಕಡೆಯಿಂದ ಕಮಿಷನ್ ಬರ್ತದೆ, ಅದಕ್ಕೇ ಇರ್ಬೇಕು ಟೂ ಒನ್ ಬರುವ ಮಕ್ಕಳಿಗೂ ಟೂ ಟೂಗೆ ತಗೊಳ್ಳುವ ಕಡೆಯ ಬ್ರೋಷರೇ ಮೊದಲು ಕೈಗೆ ಕೊಡುದು. ಪಕ್ಕದ ಟೇಬಲಲ್ಲಿ ಫೈನಲ್ ಇಯರ್ ಹುಡುಗಿಗೆ ಯುಕೆ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಹಾಕುವ ಅಂತ ಆಸೆ ತೋರಿಸ್ತಿದ್ರು, ಅದಕ್ಕೆ ಟೂ ಒನ್ ಮಟ್ಟ ಮಾತ್ರ ಸಾಕಾಗುದಿಲ್ಲ, 2 ವರ್ಷ ಕೆಲಸದ ಅನುಭವವೂ ಬೇಕು, ಪಾಪ ಆ ಮಗುವಿಗೆ ಯಾರೂ ಹೇಳ್ಲಿಲ್ಲ. ಎದ್ದು ಹೋಗುವಾಗ ನಾನೇ ಹೇಳಿ ಬಂದೆ.

ಡಾಕ್ಯುಮೆಂಟ್ ಕೆಲಸಕ್ಕೆ ಧಾರಾಳ ಹೋಗ್ಬಹುದು. ಶನಿವಾರ ಮಾತ್ರ ಬೇಡ, ಕೂರ್ಲಿಕ್ಕೆ ಕುರ್ಚಿ ಸಿಗುದಿಲ್ಲ, ಪಾರ್ಕಿಂಗ್ ಅಂತೂ ಕೇಳುದೇ ಬೇಡ.