ನಮ್ಮ ತರಗತಿಗೆ ಪ್ರೊಜೆಕ್ಟರ್ ಬೇಡ, ಟಿವಿ ಸಾಕು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 43 ಇಂಚಿನ ಟಿವಿಗೆ. ಪ್ರೊಜೆಕ್ಟರ್ ತಂದು ಐದು ವರ್ಷ ಒದ್ದಾಡಿದ್ದೇನೆ. ನಡುವೆ ಟ್ಯಾಬ್‌ಗಳಲ್ಲೂ ಪಾಠ ಮಾಡಿ ನೋಡಿದ್ದೇನೆ. 2023ರಿಂದ ಟಿವಿ ಇದೆ, ನೆಮ್ಮದಿಯಾಗಿದ್ದೇನೆ. ನಿಮ್ಮ ಶಾಲೆಗೂ ಯಾರೋ ದಾನಿಗಳು ದುಡ್ಡು ಕೊಡ್ತೀವಿ ಅಂತ ಬಂದಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ.

ನಮ್ಮದು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾನು ಆರು, ಏಳನೇ ಕ್ಲಾಸಿಗೆ ವಿಜ್ಞಾನ ಮತ್ತು ಗಣಿತ ಹೇಳಿಕೊಡುತ್ತೇನೆ. ಏಳನೇ ಕ್ಲಾಸಿನಲ್ಲಿ 26 ಮಕ್ಕಳಿದ್ದಾರೆ. ಹಳೇ ಕಟ್ಟಡ, ಮಂಗಳೂರು ಹೆಂಚು, ಪೂರ್ವಕ್ಕೆ ಎರಡು ದೊಡ್ಡ ಕಿಟಕಿ. ಇದನ್ನೆಲ್ಲ ಯಾಕೆ ಹೇಳ್ತಿದ್ದೇನೆ ಅಂದರೆ, ಪ್ರೊಜೆಕ್ಟರ್ ನಮ್ಮಲ್ಲಿ ಸೋತದ್ದು ಈ ಕಟ್ಟಡದ ಕೈಯಲ್ಲಿ.

2018ರಲ್ಲಿ ಹಳೇ ವಿದ್ಯಾರ್ಥಿಗಳು ಸೇರಿ 36 ಸಾವಿರ ಕೂಡಿಸಿ ಕೊಟ್ಟರು. ಅಂಗಡಿಯ ಒಳಕೋಣೆಯಲ್ಲಿ ಲೈಟ್ ಆರಿಸಿ ತೋರಿಸಿದಾಗ ಗೋಡೆ ತುಂಬಾ ಚಿತ್ರ ಬಂತು. ನಾನು, ನಮ್ಮ ಹೆಡ್ ಮೇಷ್ಟ್ರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಮೂವರೂ ಅಲ್ಲೇ ಒಪ್ಪಿಬಿಟ್ಟೆವು. ನಮ್ಮ ತರಗತಿಯಲ್ಲಿ ಬೆಳಗ್ಗೆ 11 ಗಂಟೆಗೆ ಅದು ಹೇಗೆ ಕಾಣುತ್ತೆ ಅಂತ ಯಾರೂ ಕೇಳಲಿಲ್ಲ.

ಮೊದಲ ವಾರವೇ ಹೃದಯದ ಪಾಠ. ಶುದ್ಧ ರಕ್ತಕ್ಕೆ ಕೆಂಪು, ಅಶುದ್ಧ ರಕ್ತಕ್ಕೆ ನೀಲಿ ಹಾಕಿದ ಚಿತ್ರ. ಕಿಟಕಿ ಮುಚ್ಚಿದ್ದರೂ ಬಾಗಿಲಿನಿಂದ ಬೆಳಕು ಬರುತ್ತಿತ್ತು. ಗೋಡೆಯ ಮೇಲೆ ಕೆಂಪೂ ನೀಲಿಯೂ ಎರಡೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಮುಂದಿನ ಸಾಲಿನ ಹುಡುಗಿ ಎದ್ದು ಗೋಡೆಯ ಹತ್ತಿರ ಹೋಗಿ, ಒಂದು ನಾಳದ ಮೇಲೆ ಬೆರಳಿಟ್ಟು, "ಮಿಸ್, ಇದು ಕೆಂಪಾ, ನೀಲಿಯಾ?" ಅಂತ ಕೇಳಿದಳು. ಆ ಪಾಠ ಇರುವುದೇ ಆ ವ್ಯತ್ಯಾಸದ ಮೇಲೆ. ಕೊನೆಗೆ ಬಣ್ಣದ ಸೀಮೆಸುಣ್ಣ ತಗೊಂಡು ಬೋರ್ಡಿನ ಮೇಲೆ ಬರೆದೆ.

ಹೀಗಾಗುವುದಕ್ಕೆ ಕಾರಣ ಸರಳ. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕತ್ತಲನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪು ಇರುವ ಕಡೆ ಅದು ಬೆಳಕು ಕಳಿಸದೆ ಸುಮ್ಮನಿರುತ್ತದೆ, ಅಷ್ಟೇ. ಆಗ ಅಲ್ಲಿ ಕಾಣುವುದು ನಮ್ಮ ಸುಣ್ಣದ ಗೋಡೆ. ಕೋಣೆಯಲ್ಲಿ ಬೆಳಕಿದ್ದಷ್ಟೂ ಗೋಡೆ ಬೆಳ್ಳಗಿರುತ್ತದೆ, ಚಿತ್ರ ಪೇಲವವಾಗುತ್ತದೆ.

ಸರಿ, ಕತ್ತಲೆ ಮಾಡೋಣ ಅಂತ ಹೊರಟೆವು. ಕಿಟಕಿಗಳಿಗೆ ದಪ್ಪ ಜಮಖಾನೆ ಕಟ್ಟಿದೆವು. ಬಾಗಿಲು ಹಾಕಿದೆವು. ಆಗ ಉಳಿದದ್ದು ಗಾಜಿನ ಹೆಂಚು. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಮಾಡಿನಲ್ಲಿ ಬೆಳಕಿಗೆ ಅಂತ ಒಂದೋ ಎರಡೋ ಗಾಜಿನ ಹೆಂಚು ಹಾಕಿರುತ್ತಾರೆ. ನಮ್ಮ ತರಗತಿಯಲ್ಲೂ ಒಂದಿದೆ. ಹನ್ನೊಂದೂವರೆ ಹೊತ್ತಿಗೆ ಅದರಿಂದ ಒಂದು ಬಿಸಿಲುಕೋಲು ಇಳಿದು ಸರಿಯಾಗಿ ಚಿತ್ರ ಬೀಳುವ ಗೋಡೆಗೇ ಬರುತ್ತಿತ್ತು. ಚೌಕಾಕಾರದ ಬಿಸಿಲು ನಿಧಾನಕ್ಕೆ ಚಿತ್ರದ ಮೇಲೆ ತೆವಳುತ್ತಾ ಹೋಗುವುದು. ಅದು ದಾಟಲು ಮುಕ್ಕಾಲು ಗಂಟೆ ಬೇಕು. ನನ್ನ ಒಂದು ಪೀರಿಯಡ್ ಪೂರ್ತಿ ಅಲ್ಲಿಗೆ ಮುಗಿಯಿತು.

ಹೆಂಚಿನ ಮೇಲೆ ಗೋಣಿಚೀಲ ಹಾಕಿಸಿದೆವು. ಮಂಗಗಳು ಎಳೆದು ಹಾಕಿದವು. ಒಳಗಿನಿಂದ ಕಪ್ಪು ರಟ್ಟು ಸಿಕ್ಕಿಸಿದೆವು. ಅದನ್ನು ಸಿಕ್ಕಿಸುವಾಗ ಪಕ್ಕದ ಹೆಂಚು ಜರುಗಿ ಮಳೆಗಾಲದಲ್ಲಿ ಸೋರಿತು. ಗಾಜು ತೆಗೆದು ಮಾಮೂಲಿ ಹೆಂಚು ಹಾಕಿಸಬಹುದಿತ್ತು. ಆದರೆ ಕರೆಂಟ್ ಇಲ್ಲದ ದಿನ ಆ ಒಂದು ಹೆಂಚಿನ ಬೆಳಕಲ್ಲೇ ಹಿಂದಿನ ಸಾಲಿನ ಮಕ್ಕಳು ಓದುವುದು. ಅದನ್ನು ತೆಗೆಸಲು ನನಗೆ ಮನಸ್ಸು ಬರಲಿಲ್ಲ.

ಕತ್ತಲೆ ಸರಿಯಾಗಿ ಆದ ದಿನಗಳೂ ಇದ್ದವು. ಆದರೆ ನನಗೆ ನಿಜವಾಗಿ ಬೇಜಾರು ತಂದದ್ದು ಆ ದಿನಗಳೇ. ಚಿತ್ರ ಚೆನ್ನಾಗಿ ಬರುತ್ತಿತ್ತು, ಮಕ್ಕಳ ಮುಖ ಕಾಣುತ್ತಿರಲಿಲ್ಲ. ಪಾಠ ಮಾಡುವವರಿಗೆ ಇದು ಎಂಥ ಕಷ್ಟ ಅಂತ ಗೊತ್ತು. ಅರ್ಥವಾಗದಿದ್ದರೆ ಮಗು ಬಾಯಿಬಿಟ್ಟು ಹೇಳುವುದಿಲ್ಲ. ಹುಬ್ಬು ಗಂಟು ಹಾಕುತ್ತೆ, ಪಕ್ಕದವರ ಕಡೆ ನೋಡುತ್ತೆ, ಪೆನ್ಸಿಲ್ ಕಚ್ಚುತ್ತೆ. ಅದನ್ನು ನೋಡಿಯೇ ನಾನು ಪಾಠ ನಿಲ್ಲಿಸಿ ಹಿಂದಕ್ಕೆ ಹೋಗುವುದು. ಕತ್ತಲಲ್ಲಿ ಅದೆಲ್ಲ ನನಗೆ ಸಿಗಲಿಲ್ಲ. ಮಕ್ಕಳಿಗೆ ನೋಟ್ಸ್ ಬರೆಯಲು ಆಗುತ್ತಿರಲಿಲ್ಲ, ಚಿತ್ರ ಬಿಡಿಸಲು ಆಗುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಕಿಟಕಿ ಮುಚ್ಚಿದ ಕೋಣೆಯ ಸೆಕೆ ಬೇರೆ. ಮಧ್ಯಾಹ್ನ ಬಿಸಿಯೂಟ ಆದಮೇಲೆ ಕತ್ತಲೆ ಮಾಡಿದರೆ ಅರ್ಧ ಕ್ಲಾಸ್ ತೂಕಡಿಸುತ್ತಿತ್ತು. ಮಕ್ಕಳ ತಪ್ಪಲ್ಲ ಅದು.

ಉಳಿದ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೀಮೆಸುಣ್ಣದ ಧೂಳು ಫಿಲ್ಟರಿಗೆ ಕೂರುತ್ತೆ, ಬಿಸಿಯಾಗಿ ತಾನೇ ಆಫ್ ಆಗುತ್ತೆ. ಲ್ಯಾಂಪ್ ಬಿಸಿ ಇರುವಾಗ ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತೆ, ಲ್ಯಾಂಪಿನ ಆಯುಸ್ಸಿಗೆ ಅದು ಒಳ್ಳೆಯದಲ್ಲ. ಐದನೇ ವರ್ಷ ಲ್ಯಾಂಪ್ ಮಂಕಾಯಿತು. ಹೊಸದಕ್ಕೆ 8 ಸಾವಿರ ಕೇಳಿದರು. ಅಲ್ಲಿಗೆ ನಾನು ಕೈಬಿಟ್ಟೆ.

ಇನ್ನು ಟ್ಯಾಬ್. ಒಬ್ಬ ದಾನಿಗಳು ಐದು ಟ್ಯಾಬ್ ಕೊಟ್ಟಿದ್ದರು. 26 ಮಕ್ಕಳಿಗೆ ಐದು. ಒಬ್ಬರು ಹಿಡಿದುಕೊಳ್ಳುತ್ತಾರೆ, ನಾಲ್ಕು ಜನ ಬಗ್ಗಿ ನೋಡುತ್ತಾರೆ. ಹಿಡಿದುಕೊಳ್ಳುವುದು ಯಾವಾಗಲೂ ಜೋರಿನ ಮಗುವೇ. ಭಿನ್ನರಾಶಿ ಅಭ್ಯಾಸಕ್ಕೆ, ಹಿಂದುಳಿದ ಮೂರ್ನಾಲ್ಕು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವುದಕ್ಕೆ ಟ್ಯಾಬ್ ಬಹಳ ಚೆನ್ನ. ಅದಕ್ಕೆ ಈಗಲೂ ಬಳಸುತ್ತೇನೆ. ಇಡೀ ಕ್ಲಾಸಿಗೆ ಅಂದರೆ ಆಗುವುದಿಲ್ಲ. ಐದು ಚಾರ್ಜರ್, ಒಂದೇ ಪ್ಲಗ್ ಪಾಯಿಂಟ್. ಬೇಸಿಗೆ ರಜೆಯಲ್ಲಿ ಬೀರುವಿನಲ್ಲಿಟ್ಟು ಬಂದು ಜೂನ್‌ನಲ್ಲಿ ತೆಗೆದರೆ ಎರಡು ಆನ್ ಆಗಲೇ ಇಲ್ಲ. ಮತ್ತೆ ಇಲ್ಲೂ ಅದೇ ಕಥೆ, ಎಲ್ಲರೂ ತಲೆ ಬಗ್ಗಿಸಿರುತ್ತಾರೆ, ನನಗೆ ಕಾಣುವುದು ಎಣ್ಣೆ ಹಚ್ಚಿ ಬಾಚಿದ ಬೈತಲೆಗಳು ಮಾತ್ರ.

ದೊಡ್ಡ ಟಚ್ ಪ್ಯಾನೆಲ್ ಪಕ್ಕದ ಊರಿನ ಹೈಸ್ಕೂಲಿನಲ್ಲಿದೆ. ನೋಡಲು ಚೆಂದ. ಲಕ್ಷದ ಮೇಲೆ ಬೆಲೆ, ನಮ್ಮ ಮಾತಲ್ಲ ಬಿಡಿ.

2023ರಲ್ಲಿ ಟಿವಿ ತಂದೆವು. 24,500 ರೂಪಾಯಿ, ಗೋಡೆಗೆ ಹಾಕುವ ಕಬ್ಬಿಣದ ಸ್ಟ್ಯಾಂಡ್ ಸೇರಿ. ಮೊದಲ ದಿನ ಕಿಟಕಿ ಬಾಗಿಲು ಎಲ್ಲ ತೆಗೆದೇ ಅದೇ ಹೃದಯದ ಚಿತ್ರ ಹಾಕಿದೆ. ಕೆಂಪು ಕೆಂಪಾಗಿಯೇ ಇತ್ತು, ನೀಲಿ ನೀಲಿಯಾಗಿಯೇ ಇತ್ತು. ಮಕ್ಕಳು ನೋಡುತ್ತಾ ನೋಡುತ್ತಾ ನೋಟ್‌ಬುಕ್ಕಿನಲ್ಲಿ ಬಿಡಿಸಿದರು. ನಾನು ಅವರ ಮುಖ ನೋಡುತ್ತಾ ನಿಂತಿದ್ದೆ.

ಟಿವಿಯ ಬೆಲೆ ನನಗೆ ಪೂರ್ತಿ ಗೊತ್ತಾದದ್ದು ಬೀಜ ಮೊಳೆಯುವ ಪಾಠದಲ್ಲಿ. ಮಕ್ಕಳು ಒಂದು ವಾರ ಮೊದಲೇ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಅಲಸಂದೆ, ಕಡಲೆ ಎರಡನ್ನೂ ಹಾಕಿದ್ದರು. ಟಿವಿಯಲ್ಲಿ ಹುರುಳಿಕಾಯಿ ಬೀಜ ಮೊಳೆಯುವ ವಿಡಿಯೋ ಹಾಕಿದೆ. ಹತ್ತು ದಿನದ ಬೆಳವಣಿಗೆ ಒಂದೆರಡು ನಿಮಿಷದಲ್ಲಿ ಕಾಣುತ್ತೆ. ಮೊದಲು ಬೇರು ಕೆಳಗಿಳಿಯಿತು. ಆಮೇಲೆ ಕಾಂಡ ಕೊಕ್ಕೆಯ ಹಾಗೆ ಬಾಗಿ ಮೇಲೆದ್ದು, ಎರಡು ಬೇಳೆಗಳನ್ನೂ ಮಣ್ಣಿನಿಂದ ಹೊತ್ತು ತಂದಿತು. ಅಲ್ಲಿಗೆ ನಿಲ್ಲಿಸಿ, ನಿಮ್ಮ ಚಿಪ್ಪು ನೋಡ್ಕೊಳ್ಳಿ ಅಂದೆ. ಅಲಸಂದೆಯ ಗಿಡದಲ್ಲಿ ಬೇಳೆ ಮೇಲೆ ಬಂದಿತ್ತು, ಟಿವಿಯಲ್ಲಿ ಇದ್ದ ಹಾಗೇ. ಒಬ್ಬ ಹುಡುಗ ಮಾತ್ರ ಚಿಪ್ಪನ್ನು ಟಿವಿಯ ಪಕ್ಕಕ್ಕೆ ತಂದು ಹಿಡಿದು, "ಮಿಸ್, ನನ್ನ ಕಡಲೆ ಬೇಳೇನೇ ತಂದಿಲ್ಲ" ಅಂದ. ಮೆಲ್ಲಗೆ ಮಣ್ಣು ಕೆದಕಿ ನೋಡಿದೆವು. ಬೇಳೆ ಒಳಗೇ ಉಳಿದಿತ್ತು. ಕಡಲೆ, ಬಟಾಣಿ ಇವುಗಳಲ್ಲಿ ಬೇಳೆ ಮಣ್ಣಿನೊಳಗೇ ಇರುತ್ತೆ, ಚಿಗುರು ಮಾತ್ರ ಮೇಲೆ ಬರುತ್ತೆ. ಆ ದಿನದ ಪಾಠದಲ್ಲಿ ಅದು ಇರಲೇ ಇಲ್ಲ. ಆ ಹುಡುಗನಿಂದ ಇಡೀ ಕ್ಲಾಸಿಗೆ ಗೊತ್ತಾಯಿತು. ಕತ್ತಲೆ ಕೋಣೆಯಲ್ಲಿ ಯಾರು ಚಿಪ್ಪಿನೊಳಗೆ ಇಣುಕಿ ನೋಡುತ್ತಿದ್ದರು ಹೇಳಿ?

ವಿಡಿಯೋವನ್ನು ಬೇಕಾದಲ್ಲಿ ನಿಲ್ಲಿಸಿದೆನಲ್ಲ, ಅದರ ಬೆಲೆ ನನಗೆ ಹಳೇ ಅನುಭವದಿಂದ ಗೊತ್ತು. ನಾನು ಕೆಲಸಕ್ಕೆ ಸೇರಿದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಇಸ್ರೋ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ, ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ಡಿಶ್, ಟಿವಿ ಬಂದಿದ್ದವು. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆದರೆ ಪಾಠ ಅದರ ಪಾಡಿಗೆ ಓಡುತ್ತಿತ್ತು. ಮಗು ಕೈ ಎತ್ತಿದರೆ ನಿಲ್ಲಿಸುವ ಹಾಗಿರಲಿಲ್ಲ. ಕೊರೊನಾ ಕಾಲದಲ್ಲಿ ಚಂದನದಲ್ಲಿ ಸಂವೇದ ಅನ್ನುವ ಟಿವಿ ಪಾಠಗಳು ಬಂದಾಗಲೂ ಅಷ್ಟೇ, ಆ ಹೊತ್ತಿಗೆ ಟಿವಿ ಮುಂದೆ ಇದ್ದವರಿಗೆ ಸಿಕ್ಕಿತು, ಹೊಲಕ್ಕೆ ಹೋದವರಿಗೆ ತಪ್ಪಿತು. ಈಗ ರಿಮೋಟ್ ನನ್ನ ಕೈಯಲ್ಲಿದೆ. ಹತ್ತು ನಿಮಿಷದ ವಿಡಿಯೋಗೆ ನಾನು ನಲವತ್ತು ನಿಮಿಷ ತಗೊಳ್ಳುತ್ತೇನೆ.

ಏನು ತೋರಿಸುತ್ತೇನೆ ಅಂತ ಕೇಳುವವರಿಗೆ: ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆಪ್‌ನಲ್ಲಿ ಆ ಪಾಠದ ವಿಡಿಯೋ ಸಿಗುತ್ತೆ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕ್ ಹತ್ತಿರ ಮಾತ್ರ. ಅದಕ್ಕೇ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬರುತ್ತೇನೆ, ಆಮೇಲೆ ಇಂಟರ್ನೆಟ್ ಬೇಕಿಲ್ಲ. ಫೆಟ್ ಅನ್ನುವ, ಕಂಪ್ಯೂಟರ್ ಪರದೆಯಲ್ಲೇ ಮಾಡುವ ಉಚಿತ ಪ್ರಯೋಗಗಳಿವೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಹಲವು ಕನ್ನಡದಲ್ಲೂ ಇವೆ. ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಂಡು ಎಚ್‌ಡಿಎಂಐ ವೈರ್ ಹಾಕಿ ತೋರಿಸುತ್ತೇನೆ. ಗಣಿತಕ್ಕೆ ಜಿಯೋಜಿಬ್ರಾ, ಆಕೃತಿ ಬಿಡಿಸಿ ಎಳೆದು ನೋಡುವ ತಂತ್ರಾಂಶ. ತ್ರಿಕೋನದ ಮೂಲೆ ಹಿಡಿದು ಹೇಗೆ ಎಳೆದರೂ ಮೂರು ಕೋನ ಸೇರಿ 180 ಡಿಗ್ರಿಯೇ ಬರುವುದನ್ನು ಮಕ್ಕಳು ತಾವೇ ನೋಡಬೇಕು.

ತಾವೇ ಅಂದದ್ದು ಸುಮ್ನೆ ಅಲ್ಲ. 400 ರೂಪಾಯಿ ಕೊಟ್ಟು ಒಂದು ವೈರ್‌ಲೆಸ್ ಮೌಸ್ ತಂದಿದ್ದೇನೆ. ಅದು ಒಂದು ರಟ್ಟಿನ ಮೇಲೆ ಕೂತು ಕೈಯಿಂದ ಕೈಗೆ ಇಡೀ ಕ್ಲಾಸ್ ಸುತ್ತುತ್ತದೆ. ಫೆಟ್‌ನಲ್ಲಿ ಸರ್ಕ್ಯೂಟ್ ಕಟ್ಟುವಾಗ ಯಾರೋ ಬಲ್ಬ್ ಬಿಟ್ಟು ಬ್ಯಾಟರಿಯ ಎರಡೂ ತುದಿಗೆ ನೇರ ವೈರ್ ಕೊಡುತ್ತಾರೆ, ಪರದೆಯಲ್ಲಿ ಬೆಂಕಿ ಏಳುತ್ತೆ, ಎಲ್ಲರೂ ಕಿರುಚುತ್ತಾರೆ. ಆಮೇಲೆ ನಿಜವಾದ ಸೆಲ್ಲು, ಟಾರ್ಚ್ ಬಲ್ಬ್ ಕೊಟ್ಟಾಗ ಒಬ್ಬರೂ ಹಾಗೆ ಮಾಡಲಿಲ್ಲ. ಟಚ್ ಪ್ಯಾನೆಲ್ ಇಲ್ಲ ಅನ್ನುವ ಕೊರಗು ನನಗೆ ಅಲ್ಲಿಗೆ ಹೋಯಿತು.

ಕರೆಂಟಿನ ವಿಷಯಕ್ಕೆ ಒಂದೇ ಮಾತು. ನಮ್ಮ ಪ್ರೊಜೆಕ್ಟರ್ 280 ವ್ಯಾಟ್ ಎಳೆಯುತ್ತಿತ್ತು, ಟಿವಿ 80ರ ಆಸುಪಾಸು. ಆಫೀಸಿನ ಇನ್ವರ್ಟರ್‌ನಿಂದ ಒಂದು ವೈರ್ ಎಳೆಸಿದ್ದೇವೆ, ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ.

ಟಿವಿಗೂ ಕೊರತೆ ಇದೆ, ಮುಚ್ಚಿಡುವುದಿಲ್ಲ. 43 ಇಂಚು ಅಂದರೆ ಪರದೆಯ ಅಗಲ 95 ಸೆಂಟಿಮೀಟರ್ ಅಷ್ಟೇ. ಹಿಂದೆ ಕೂತವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಆ ಪೀರಿಯಡ್‌ನಲ್ಲಿ ಬೆಂಚು ಹಿಂದಕ್ಕೆ ಸರಿಸಿ, ಎಲ್ಲರನ್ನೂ ಚಾಪೆ ಮೇಲೆ ಅರ್ಧಚಂದ್ರಾಕಾರದಲ್ಲಿ ಕೂರಿಸುತ್ತೇನೆ. 26 ಮಕ್ಕಳಿಗೆ ಇದು ನಡೆಯುತ್ತೆ, 50 ಮಕ್ಕಳಿದ್ದರೆ ನಡೆಯಲ್ಲ. ಇನ್ನೊಂದು, ನಮ್ಮ ಹಳೇ ಪ್ರಶ್ನೆಪತ್ರಿಕೆಗಳೆಲ್ಲ ಹಿಂದಿನ ನುಡಿ ಫಾಂಟ್‌ನಲ್ಲಿವೆ. ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಈಗ ಎಲ್ಲ ಕಡೆ ಓದಲಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸಿ, ಇಲ್ಲವೇ ಪಿಡಿಎಫ್ ಮಾಡಿ ಲ್ಯಾಪ್‌ಟಾಪ್‌ನಿಂದಲೇ ತೋರಿಸಿ.

ಹಾಗಾದರೆ ಪ್ರೊಜೆಕ್ಟರ್ ಯಾರಿಗೆ? ಕತ್ತಲೆ ಮಾಡಬಹುದಾದ ಹಾಲ್ ಇದ್ದು, ನೂರಾರು ಮಕ್ಕಳನ್ನು ಒಟ್ಟಿಗೆ ಕೂರಿಸುವ ಶಾಲೆಗೆ. ನಮ್ಮದನ್ನೂ ಬಿಸಾಡಿಲ್ಲ. ಮಂಕಾದ ಲ್ಯಾಂಪಿನಲ್ಲೇ ವರ್ಷಕ್ಕೊಮ್ಮೆ ವಾರ್ಷಿಕೋತ್ಸವದ ರಾತ್ರಿ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಮಕ್ಕಳ ಫೋಟೋ ತೋರಿಸುತ್ತೇವೆ. ಕತ್ತಲಿಗೆ ಅಷ್ಟು ಸಾಕು, ಊರೆಲ್ಲ ಬರುತ್ತೆ. ಒಂದು ಕ್ಲಾಸಿನಲ್ಲಿ 30ರೊಳಗೆ ಮಕ್ಕಳು, ಕೈಯಲ್ಲಿ 25ರಿಂದ 30 ಸಾವಿರ, ದಿನಾ ಬಳಸುವ ಮನಸ್ಸು, ಇಷ್ಟಿದ್ದರೆ ಟಿವಿ ತಗೊಳ್ಳಿ. ದುಡ್ಡು ಉಳಿದರೆ ಸ್ಪೀಕರ್ ತಗೊಳ್ಳಿ, ಯಾಕೆಂದರೆ ಟಿವಿಯ ಸ್ಪೀಕರ್ ಹೆಂಚಿನ ಮೇಲೆ ಮಳೆ ಬೀಳುವಾಗ ಏನೇನೂ ಕೇಳುವುದಿಲ್ಲ.

ಗೋಡೆಗೆ ಹಾಕಿಸುವ ಮೊದಲು ಒಂದು ಕೆಲಸ ಮಾಡಿ. ಬೆಳಗ್ಗೆ ಹತ್ತೂವರೆಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ಮಕ್ಕಳು ಕೂರುವ ಜಾಗದಲ್ಲಿ ನೆಲದ ಮೇಲೆ ಕೂತು ನೋಡಿ. ಕಿಟಕಿಯ ಎದುರು ಗೋಡೆಗೆ ಹಾಕಿದರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತೆ. ನಾವು ಕಿಟಕಿ ಇರುವ ಗೋಡೆಯ ಪಕ್ಕದ ಗೋಡೆಗೆ, ಮಕ್ಕಳ ಕಣ್ಣಿಗಿಂತ ಸ್ವಲ್ಪ ಮೇಲೆ, ಮುಂದಕ್ಕೆ ಬಾಗಿಸಿ ಹಾಕಿಸಿದ್ದೇವೆ. ಧೂಳು ಕೂರದ ಹಾಗೆ ಮುಚ್ಚಲು ಬಿಸಿಯೂಟದ ಅಕ್ಕ ಹಳೇ ಸೀರೆಯಲ್ಲಿ ಒಂದು ಗವಸು ಹೊಲಿದು ಕೊಟ್ಟಿದ್ದಾರೆ. ದಿನಾ ಬೆಳಗ್ಗೆ ಅದನ್ನು ತೆಗೆಯುವ ಸರದಿ ಯಾರದು ಅಂತ ಮಕ್ಕಳು ಬೋರ್ಡಿನ ಮೂಲೆಯಲ್ಲಿ ಹೆಸರು ಬರೆದಿಟ್ಟುಕೊಂಡಿರುತ್ತಾರೆ.